ಹತ್ತೊಂಬತ್ತು ದಿನ ಮೊದಲೇ ಬಂದ ಕಾಗದ



ಡಿಸೆಂಬರ್ ಮೊದಲ ವಾರ ನಾನು ಇದೇ ಗೋಡೆ ಮೇಲೆ ಒಂದು ಫೋಟೊ ಹಾಕಿದ್ದೆ, ನೆನಪಿರಬಹುದು. ತಲೆಗೆ ಮಂಕಿ ಕ್ಯಾಪು, ಅಳಿಯನ ದೊಗಳೆ ಜಾಕೆಟ್ಟು, ಎತ್ತರದ ಒಂದು ಕಾರಂಜಿ ಮುಂದೆ ನಿಂತು ಕಂಬಿಗೆ ಸಿಕ್ಕಿಸಿದ ಉಂಗುರ ತಿರುಗಿಸ್ತಾ ಹಲ್ಲು ಕಿರಿದಿದ್ದೆ. ಕೆಳಗೆ ಹೀಗೆ ಬರೆದಿದ್ದೆ: "ಜರ್ಮನಿಯ ನ್ಯೂರೆಂಬರ್ಗ್ ಪೇಟೆ ಚೌಕ. ಎಂಥಾ ಊರು! ಇಲ್ಲಿ ಯಾರೂ ನೀನು ಯಾವ ಪೈಕಿ ಅಂತ ಕೇಳಲ್ಲ." ನೀವೆಲ್ಲಾ ಪ್ರೀತಿಯಿಂದ ಲೈಕ್ ಒತ್ತಿದ್ರಿ. ಕೆಲವರು "ಅಣ್ಣ, ಪ್ರವಾಸದ ಬಗ್ಗೆ ಬರೀರಿ" ಅಂದ್ರು. ಎರಡು ತಿಂಗಳು ತಡವಾಗಿ ಬರೀತಾ ಇದೀನಿ. ಆ ಫೋಟೊ ಕೆಳಗಿನ ಸಾಲನ್ನು ಮೊದಲು ತಿದ್ದಬೇಕಾಗಿತ್ತು, ಅದಕ್ಕೇ ಇಷ್ಟು ದಿನ ಹಿಡೀತು.

ನಾನು ಹೋಗಿದ್ದು ದೊಡ್ಡ ಸಮ್ಮೇಳನಕ್ಕೇನೂ ಅಲ್ಲ. ನಮ್ಮಕ್ಕನ ಮಗ ಅಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಎಂಎಸ್ಸಿ ಓದ್ತಾ ಇದಾನೆ. ಅಕ್ಕನಿಗೆ ಮಂಡಿನೋವು, ವಿಮಾನ ಅಂದ್ರೆ ಭಯ. "ನೀನೇ ಹೋಗಿ ನೋಡ್ಕೊಂಡು ಬಾ ಕಣಪ್ಪ, ಹೆಂಗವ್ನೋ ಏನೋ, ಫೋನಲ್ಲಿ ಎಲ್ಲಾ ಚೆನ್ನಾಗೇ ಇದೆ ಅಂತಾನೆ" ಅಂದಳು. ಚೀಟಿ ಎತ್ತಿ ಟಿಕೆಟ್ ಮಾಡಿದೆ. ಹನ್ನೆರಡು ದಿನ ಗಳಿಕೆ ರಜೆ. ವಿದೇಶಕ್ಕೆ ಹೋಗೋಕೆ ಇಲಾಖೆ ಅನುಮತಿ ಬೇಕಲ್ಲ, ಆ ಫೈಲು ಐದು ತಿಂಗಳು ಓಡಾಡ್ತು. ದಿನಾ ಬೇರೆಯವರ ಫೈಲು ನಡೆಸೋ ಗುಮಾಸ್ತ ನಾನು, ನನ್ನ ಫೈಲಿನ ಹಿಂದೆ ಐದು ತಿಂಗಳು ಅಲೆದೆ!

ಅಳಿಯನ ರೂಮು ಇರೋದು ನ್ಯೂರೆಂಬರ್ಗ್ ಪಕ್ಕದ ಫ್ಯೂರ್ತ್ ಎಂಬ ಊರಲ್ಲಿ. ನೆಲದಡಿ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಹಳೇ ನ್ಯೂರೆಂಬರ್ಗಿನ ಲೊರೆನ್ಸ್ ಚರ್ಚ್ ಹತ್ತಿರ ಇಳೀಬಹುದು. ಅಲ್ಲಿಂದ ಇಳಿಜಾರಿನ ರಸ್ತೆ, ಪೆಗ್ನಿಟ್ಸ್ ಎಂಬ ಸಣ್ಣ ಹೊಳೆ, ಅದರ ಮೇಲೊಂದು ಸೇತುವೆ, ದಾಟಿದರೆ ಚೌಕ. ಹೌಪ್ಟ್‌ಮಾರ್ಕ್ಟ್ ಅಂತಾರೆ, ಅಂದರೆ ಮುಖ್ಯ ಪೇಟೆ. ಡಿಸೆಂಬರಿನಲ್ಲಿ ಅಲ್ಲಿ ಕ್ರಿಸ್‌ಮಸ್ ಜಾತ್ರೆ. ಕೆಂಪು-ಬಿಳಿ ಪಟ್ಟೆ ಬಟ್ಟೆ ಹೊದಿಸಿದ ಮರದ ಅಂಗಡಿಗಳ ಸಾಲು, ಶುಂಠಿ-ಲವಂಗದ ಬಿಸ್ಕತ್ತಿನ ಘಮ, ಹಬೆಯಾಡೋ ಬಿಸಿ ವೈನು. ಬೆರಳುದ್ದದ ಮೂರು ಹಂದಿಮಾಂಸದ ಸಾಸೇಜನ್ನ ಒಂದು ಬನ್ನಿನೊಳಗಿಟ್ಟು ಕೊಡ್ತಾರೆ. ನಡುಪೇಟೆಯಲ್ಲಿ, ಚರ್ಚಿನ ಬಾಗಿಲ ಎದುರಿಗೆ ನಿಂತು, ಸೂಟು ಹಾಕಿದವನೂ ಕಸ ಗುಡಿಸೋನೂ ಪಕ್ಕಪಕ್ಕ ನಿಂತು ಅದನ್ನ ತಿಂತಿದ್ರು. ನಮ್ಮ ಕಡೆ ಊಟದ ಡಬ್ಬಿ ತೆರೆಯೋಕೂ ಮೂಲೆ ಹುಡುಕಬೇಕಾದ ಪರಿಸ್ಥಿತಿ ನಿಮಗೆ ಗೊತ್ತಿದೆ. ನನಗೆ ನಿಜಕ್ಕೂ ಎದೆ ತುಂಬಿ ಬಂತು. ಅದು ಸುಳ್ಳಲ್ಲ, ಈಗಲೂ ಸುಳ್ಳು ಅನ್ನಲ್ಲ.

ಚೌಕದ ಒಂದು ಮೂಲೆಯಲ್ಲಿ ಆ ಕಾರಂಜಿ, ಹೆಸರೇ 'ಚೆಂದದ ಕಾರಂಜಿ'. ಸುಮಾರು 19 ಮೀಟರ್ ಎತ್ತರ, ಗೋಪುರದ ಹಾಗೆ, ಮೈತುಂಬಾ ಬಣ್ಣ ಬಳಿದ 40 ಪ್ರತಿಮೆಗಳು. ಸುತ್ತಲಿನ ಕಬ್ಬಿಣದ ಜಾಲರಿಯ ಉಂಗುರವನ್ನ ತಿರುಗಿಸಿ ಏನಾದರೂ ಕೇಳಿಕೊಂಡರೆ ಆಗುತ್ತೆ ಅಂತ ನಂಬಿಕೆ. ಹರಕೆ-ಗಿರಕೆ ನಂಬದ ನಾನೂ ತಿರುಗಿಸಿದೆ, ಅಳಿಯನಿಗೆ ಅಲ್ಲೇ ಕೆಲಸ ಸಿಗಲಿ ಅಂತ. ಚೌಕದ ಪೂರ್ವಕ್ಕೆ ಫ್ರಾವೆನ್‌ಕಿರ್ಶೆ, ನಮ್ಮ ಮಾತಲ್ಲಿ ಮೇರಿಯಮ್ಮನ ಚರ್ಚು. ಅದರ ನೆತ್ತಿ ಮೇಲೆ ಗಡಿಯಾರ. ಮಧ್ಯಾಹ್ನ 12 ಆದ್ರೆ ತುತ್ತೂರಿ ಊದೋ ಬೊಂಬೆ ಅಲುಗುತ್ತೆ, ಬಾಗಿಲು ತೆಗೆದು ಏಳು ಬೊಂಬೆ ಹೊರಗೆ ಬರ್ತಾವೆ, ನಡುವೆ ಕೂತ ಚಕ್ರವರ್ತಿಯ ಸುತ್ತ ಮೂರು ಸುತ್ತು ಹಾಕಿ ಒಳಗೆ ಹೋಗ್ತಾವೆ. 1509ರಿಂದ ಇದೆಯಂತೆ. ಜನ ಎಲ್ಲಾ ಕತ್ತೆತ್ತಿ ನೋಡ್ತಿದ್ರು, ನಾನೂ ನೋಡಿದೆ, ವಿಡಿಯೋ ಮಾಡಿದೆ, ಚಪ್ಪಾಳೆ ಹೊಡೆದೆ.

ಸಂಜೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಅಳಿಯ ಅನ್ನಕ್ಕಿಟ್ಟಿದ್ದ. ಪಕ್ಕದ ರೂಮಿನ ಹುಡುಗಿ ಬಂದಳು, ಆ ಕಡೆಯವಳೇ, ಇತಿಹಾಸ ಓದೋಳು. ಅಳಿಯ ನನ್ನ ಫೋಟೊ ತೋರಿಸಿ, ಕೆಳಗಿನ ಸಾಲನ್ನ ಅವಳಿಗೆ ಅನುವಾದ ಮಾಡಿ ಹೇಳಿದ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಕೇಳಿದಳು. ಅಳಿಯ ನನ್ನ ಕಡೆ ತಿರುಗಿದ.

"ಮಾವ, ಆ ಚೌಕ ಆಗೋಕೆ ಮುಂಚೆ ಅಲ್ಲೇನಿತ್ತು ಗೊತ್ತಾ ಅಂತ ಕೇಳ್ತಾವ್ಳೆ."

"ಏನಿತ್ತಂತೆ?"

"ಕೇರಿ ಇತ್ತಂತೆ ಮಾವ. ಯಹೂದಿಗಳ ಕೇರಿ."

ಅವಳು ಅವತ್ತು ಹೇಳಿದ್ದು, ಆಮೇಲೆ ಅಳಿಯ ರಾತ್ರಿಯೆಲ್ಲಾ ಕೂತು ಜರ್ಮನ್ನಿನಿಂದ ಓದಿ ಹೇಳಿದ್ದು, ಊರಿಗೆ ಬಂದ ಮೇಲೆ ನಾನು ಹುಡುಕಿ ಓದಿದ್ದು, ಮೂರನ್ನೂ ಸೇರಿಸಿ ಕೆಳಗೆ ಬರೆದಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನ್ಯೂರೆಂಬರ್ಗ್ ಮೊದಲು ಎರಡು ಊರು. ಹೊಳೆಯ ಉತ್ತರ ದಂಡೆಯಲ್ಲಿ ಕೋಟೆಯ ಬುಡಕ್ಕೆ ಒಂದು, ದಕ್ಷಿಣ ದಂಡೆಯಲ್ಲಿ ಇನ್ನೊಂದು. ನಡುವೆ ಹೊಳೆ ಪಕ್ಕದ ಜೌಗು. ಮಳೆ ಬಂದ್ರೆ ನೀರು ನಿಲ್ಲೋ, ಯಾರಿಗೂ ಬೇಡದ ನೆಲ. ಯಹೂದಿಗಳು ಬಂದಾಗ ಅವರಿಗೆ ಸಿಕ್ಕಿದ್ದು ಆ ಜಾಗ. ಅವರು ಅಲ್ಲೇ ಮನೆ ಕಟ್ಟಿದರು, 1296ರಲ್ಲಿ ತಮ್ಮ ಪ್ರಾರ್ಥನಾ ಮಂದಿರವನ್ನೂ ಎಬ್ಬಿಸಿದರು. ಎರಡೇ ವರ್ಷಕ್ಕೆ, 1298ರಲ್ಲಿ, ರಿಂಟ್‌ಫ್ಲೈಶ್ ಅನ್ನೋನ ಗುಂಪು ಆ ಸೀಮೆಯ ಊರೂರ ಮೇಲೆ ಬಿದ್ದು ಯಹೂದಿಗಳನ್ನ ಕೊಲ್ತಾ ಬಂತು. ನ್ಯೂರೆಂಬರ್ಗಿನವರು ಕೋಟೆಯೊಳಗೆ ಓಡಿದರು. ಕೋಟೆಯೂ ಉಳಿಸಲಿಲ್ಲ. 600ಕ್ಕೂ ಹೆಚ್ಚು ಜನ ಸತ್ತರು. ಉಳಿದವರು, ಬೇರೆ ಕಡೆಯಿಂದ ಬಂದವರು ಮತ್ತೆ ಅದೇ ಜೌಗಿನಲ್ಲಿ ಬದುಕು ಕಟ್ಟಿಕೊಂಡರು.

ಆಮೇಲೆ ಏನಾಯ್ತು ಅಂದ್ರೆ, ಎರಡೂ ದಂಡೆಯ ಊರು ಬೆಳೀತು. ಎರಡನ್ನೂ ಸೇರಿಸಿ ಹೊಳೆ ದಾಟಿ ಒಂದೇ ಗೋಡೆ ಬಂತು. ಒಂದು ಕಾಲಕ್ಕೆ ಊರಿನ ಅಂಚಾಗಿದ್ದ ಕೇರಿ ಈಗ ಊರಿನ ಹೊಕ್ಕುಳಾಯ್ತು. ವ್ಯಾಪಾರ ಹೆಚ್ಚಿದ ಊರಿಗೆ ಒಂದು ದೊಡ್ಡ ಪೇಟೆ ಬೇಕಿತ್ತು, ಜಾಗ ಇರಲಿಲ್ಲ. ಇಲ್ಲಿಗೆ ಬರೋ ಹೊತ್ತಿಗೆ ನಾನು ಅಳಿಯನಿಗೆ "ಸಾಕು ನಿಲ್ಲಿಸು, ಮುಂದಿನದು ನಾನೇ ಹೇಳ್ತೀನಿ" ಅಂದೆ. ಬೈಪಾಸ್ ರಸ್ತೆ ಬಂದ ಮೇಲೆ ನಮ್ಮ ಕೇರಿಗಳ ಪಕ್ಕದ ನೆಲಕ್ಕೆ ಏನಾಗುತ್ತೆ ಅಂತ ನನಗೆ ಜರ್ಮನ್ ಪುಸ್ತಕ ಹೇಳಬೇಕಾಗಿಲ್ಲ.

1348–49 ಅಂದ್ರೆ ಯುರೋಪಿನಲ್ಲಿ ಮಹಾ ಪ್ಲೇಗಿನ ಕಾಲ. ಯಹೂದಿಗಳು ಬಾವಿಗೆ ವಿಷ ಹಾಕ್ತಾರೆ, ಅದಕ್ಕೇ ರೋಗ ಬಂತು ಅಂತ ಸುದ್ದಿ ಹಬ್ಬಿತು. ಆಗಿನ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಆಜ್ಞೆ ಹೊರಡಿಸಿದ್ದ: ಯಹೂದಿಗಳೂ ಅದೇ ರೋಗದಿಂದ ಸಾಯ್ತಿದಾರೆ, ಅವರೇ ಕಾರಣ ಅನ್ನೋದು ಸುಳ್ಳು ಅಂತ. ಯಾರೂ ಕೇಳಲಿಲ್ಲ. (ಬಾವಿ ಅಂದ ಕೂಡಲೇ ನಮಗೆ ಮಹಾಡ್ ನೆನಪಾಗುತ್ತೆ. 1927ರಲ್ಲಿ ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದ ಮೇಲೆ ಅದನ್ನ ಸಗಣಿ-ಗಂಜಳದಲ್ಲಿ ಶುದ್ಧ ಮಾಡಿದರಲ್ಲ. ನೀರಿನ ವಿಚಾರದಲ್ಲಿ ಮನುಷ್ಯನ ತಲೆ ಎಲ್ಲಾ ಕಡೆ ಹೀಗೇ ಕೆಡುತ್ತೋ ಏನೋ.) ಆದರೆ ಇಲ್ಲೊಂದು ವಿಷಯ ಗಮನಿಸಿ. ನ್ಯೂರೆಂಬರ್ಗಿಗೆ ಆಗ ಪ್ಲೇಗು ಬಂದೇ ಇರಲಿಲ್ಲ. ರೋಗದ ಭಯಕ್ಕೆ ಜನ ಹುಚ್ಚೆದ್ದು ಕೊಂದರು ಅನ್ನೋ ಸಮಾಧಾನವೂ ಈ ಊರಿಗಿಲ್ಲ.

ಇಲ್ಲಿ ನಡೆದದ್ದು ಕಾಗದದ ಮೇಲೆ. ನಾನು ಇಪ್ಪತ್ತು ವರ್ಷದಿಂದ ಕಾಗದ ನೋಡ್ತಿರೋನು, ಅದಕ್ಕೇ ಇದು ನನ್ನ ನಿದ್ದೆ ಕೆಡಿಸ್ತು.

ಆ ಕಾಲದ ರಾಜ ನಾಲ್ಕನೇ ಕಾರ್ಲ್. ಸಾಮ್ರಾಜ್ಯದ ಯಹೂದಿಗಳು ಕಾನೂನಿನ ಪ್ರಕಾರ ರಾಜನ ಬೊಕ್ಕಸದ ಆಳುಗಳು. ಅಂದ್ರೆ ಅವರ ತೆರಿಗೆ ರಾಜನಿಗೆ, ಅವರ ರಕ್ಷಣೆ ರಾಜನ ಹೊಣೆ. ಒಂದು ಲೆಕ್ಕದಲ್ಲಿ ಅವನ ಆಸ್ತಿ. ಕಾರ್ಲ್ ಹೊಸದಾಗಿ ಪಟ್ಟಕ್ಕೆ ಬಂದಿದ್ದ, ಎದುರಾಳಿಗಳಿದ್ದರು, ದುಡ್ಡೂ ಬೇಕಿತ್ತು, ಬೆಂಬಲವೂ ಬೇಕಿತ್ತು. 1348ರಲ್ಲಿ ನ್ಯೂರೆಂಬರ್ಗಿನ ಕಸುಬುದಾರರು ದಂಗೆಯೆದ್ದು ಸಿರಿವಂತರ ನಗರಸಭೆಯನ್ನ ಕೆಳಗಿಳಿಸಿದ್ದರು. 1349ರಲ್ಲಿ ಕಾರ್ಲ್ ಆ ದಂಗೆ ಮುಗಿಸಿ ಹಳೇ ಸಿರಿವಂತರನ್ನೇ ಮತ್ತೆ ಕೂರಿಸಿದ. ಅವರು ಒಂದು ಮನವಿ ಇಟ್ಟರು. ತಗೊಂಡು ಹೋದವನು ನಗರಸಭೆಯ ಉಲ್ರಿಖ್ ಸ್ಟ್ರೋಮರ್. ಪೇಟೆಗೆ ಜಾಗ ಬೇಕು.

ಅದಕ್ಕೆ ಮುಂಚೆ, ಅದೇ ವರ್ಷದ ಬೇಸಿಗೆಯಲ್ಲೇ, ಕಾರ್ಲ್ ಇನ್ನೊಂದು ಕಾಗದಕ್ಕೆ ಮುದ್ರೆ ಒತ್ತಿದ್ದ. ಬ್ರಾಂಡೆನ್‌ಬುರ್ಗಿನ ಲುಡ್ವಿಗ್ ಎಂಬ ದೊರೆಗೆ, ನ್ಯೂರೆಂಬರ್ಗಿನ ಯಹೂದಿಗಳನ್ನ ಕೊಂದ ಮೇಲೆ ಅವರ ಮನೆಗಳಲ್ಲಿ ಒಳ್ಳೇ ಮೂರು ಮನೆ ನಿನಗೆ ಅಂತ. ಇನ್ನೊಮ್ಮೆ ಓದಿ. ಅವತ್ತು ಆ ಮನೆಗಳಲ್ಲಿ ಜನ ಇದ್ದರು. ಒಲೆ ಉರೀತಿತ್ತು. ಮಕ್ಕಳು ಅಂಗಳದಲ್ಲಿ ಆಡ್ತಿರಬಹುದು. ಆಗಲೇ ಹಂಚಿಕೆ ಆಗಿತ್ತು.

ಆಮೇಲೆ 1349ರ ನವೆಂಬರ್ 16. ಕಾರ್ಲ್ ನಗರಸಭೆಗೆ ಅಪ್ಪಣೆ ಪತ್ರ ಕೊಟ್ಟ. ಯಹೂದಿಗಳ ಮನೆಗಳನ್ನ ಕೆಡವಬಹುದು. ಆ ಜಾಗದಲ್ಲಿ ಎರಡು ಬಯಲು ಮಾಡಬೇಕು, ಅವು ಶಾಶ್ವತವಾಗಿ ಊರಿಗೆ ಸೇರಿದ್ದು, ಮುಂದೆ ಯಾರೂ ಅಲ್ಲಿ ಮನೆ ಕಟ್ಟುವಂತಿಲ್ಲ. ಪ್ರಾರ್ಥನಾ ಮಂದಿರ ಇದ್ದ ಕಡೆ ಮೇರಿಯಮ್ಮನ ಹೆಸರಿನಲ್ಲಿ ಚರ್ಚು ಆಗಬೇಕು. ಎರಡು ಬಯಲಿನಲ್ಲಿ ಒಂದು ನಾನು ಸಾಸೇಜು ತಿಂದ ಮುಖ್ಯ ಪೇಟೆ, ಇನ್ನೊಂದು ಅದರ ಹಿಂದಿನ ಹಣ್ಣಿನ ಪೇಟೆ. ಆ ಕಾಲದಲ್ಲೇ ಯಹೂದಿಗಳಿಗೆ ಏನಾದರೂ ಕೇಡಾದರೆ ನಗರಸಭೆಯವರನ್ನ ಹೊಣೆ ಮಾಡಲ್ಲ ಅಂತಲೂ ರಾಜನ ಕಡೆಯಿಂದ ಭರವಸೆ ಸಿಕ್ಕಿತ್ತು. ನಮ್ಮ ಕಚೇರಿ ಭಾಷೆಯಲ್ಲಿ ಹೇಳೋದಾದ್ರೆ ಯೋಜನೆ, ಅನುಮೋದನೆ, ಮುಂಜಾಗ್ರತೆಯ ರಕ್ಷಣೆ, ಎಲ್ಲಾ ಕ್ರಮವಾಗಿ ಫೈಲಿನಲ್ಲಿದೆ.

ಡಿಸೆಂಬರ್ 5, ಸಂತ ನಿಕೋಲಸ್ ಹಬ್ಬದ ಹಿಂದಿನ ದಿನ. ಬೆಂಕಿ. 562 ಜನ ಸತ್ತರು ಅಂತ ಲೆಕ್ಕ ಸಿಗುತ್ತೆ.

ನವೆಂಬರ್ 16ರಿಂದ ಡಿಸೆಂಬರ್ 5ಕ್ಕೆ ಎಷ್ಟು ದಿನ ಅಂತ ನಾನು ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತು. ದಂಗೆ ಆಯ್ತು, ಜನ ಸತ್ತರು, ಜಾಗ ಖಾಲಿ ಬಿತ್ತು, ಪಾಪ ಏನು ಮಾಡೋದು ಅಂತ ಆಮೇಲೆ ಪೇಟೆ ಮಾಡಿದ್ದಲ್ಲ. ಪೇಟೆಯ ಆದೇಶ ಮೊದಲು ಬಂತು. ಬೆಂಕಿ ಅದರ ಅನುಷ್ಠಾನ.

ಸ್ಟ್ರೋಮರ್ ಮನೆತನದ ಇನ್ನೊಬ್ಬ, ಉಲ್ಮನ್ ಸ್ಟ್ರೋಮರ್ ಅಂತ. ಇದು ನಡೆದಾಗ ಇಪ್ಪತ್ತರ ಹುಡುಗ. ಮುಂದೆ ವಯಸ್ಸಾದ ಮೇಲೆ ತನ್ನ ಮನೆತನದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಈ ಸಾವುಗಳಿಗೆ ಸಿಕ್ಕಿದ್ದು ಒಂದು ಸಾಲು. ಯಹೂದಿಗಳನ್ನ ಸುಟ್ಟರು ಅಂತ, ಯಾರು ಸುಟ್ಟರು ಅಂತಿಲ್ಲ. ಕರ್ತೃ ಇಲ್ಲದ ವಾಕ್ಯ ಬರೆಯೋದನ್ನ ನಾವು ಗುಮಾಸ್ತರು ಕಚೇರಿ ಸೇರಿದ ಮೊದಲ ವಾರವೇ ಕಲಿತೀವಿ: 'ತೆರವುಗೊಳಿಸಲಾಯಿತು', 'ಕ್ರಮ ಕೈಗೊಳ್ಳಲಾಯಿತು'. ಇದೇ ಉಲ್ಮನ್ 1390ರಲ್ಲಿ ನ್ಯೂರೆಂಬರ್ಗಿನ ಹೊಳೆಯ ಮೇಲೆ ಜರ್ಮನ್ ಸೀಮೆಯ ಮೊದಲ ಕಾಗದದ ಗಿರಣಿ ಹಾಕಿದ. ಕಾಗದದ ಇತಿಹಾಸದಲ್ಲಿ ಅವನಿಗೆ ದೊಡ್ಡ ಹೆಸರು.

ಇಷ್ಟು ಕೇಳಿದ ಮೇಲೆ ಮಾರನೇ ದಿನ ಮತ್ತೆ ಅದೇ ರೈಲು ಹತ್ತಿದೆವು. ಅಳಿಯ ಬೇಡ ಮಾವ, ಬೇರೆ ಕಡೆ ಹೋಗಣ, ಬೇಜಾರು ಮಾಡ್ಕೋತೀರಿ ಅಂದ. ಕೇಳಲಿಲ್ಲ.

ಜಾತ್ರೆ ಹಾಗೇ ಇತ್ತು. ಅದೇ ಬಿಸ್ಕತ್ತಿನ ಘಮ. ಹಿಂದಿನ ದಿನ ಕಂಡ ಒಂದೊಂದೂ ಈಗ ಬೇರೆ ಥರ ಕಾಣ್ತಿತ್ತು. ಗಡಿಯಾರದಲ್ಲಿ ನಡುವೆ ಕೂತಿರೋ ಚಕ್ರವರ್ತಿ ಯಾರು ಅಂದ್ರೆ ಅದೇ ನಾಲ್ಕನೇ ಕಾರ್ಲ್. ಸುತ್ತು ಹಾಕೋ ಏಳು ಬೊಂಬೆ ಅವನನ್ನ ಆರಿಸೋ ಹಕ್ಕಿದ್ದ ಏಳು ದೊರೆಗಳು. 1356ರಲ್ಲಿ ಅವನು ಹೊರಡಿಸಿದ ರಾಜಶಾಸನದ ನೆನಪಿಗೆ ಆ ಬೊಂಬೆಯಾಟ. ಮುದ್ರೆ ಒತ್ತಿದವನಿಗೆ, ಮಂದಿರ ಕೆಡವಿದ ಜಾಗದ ಮೇಲೆ, ದಿನಾ ಮಧ್ಯಾಹ್ನ ಮೂರು ಪ್ರದಕ್ಷಿಣೆ. ಹಿಂದಿನ ದಿನ ನಾನು ಅದಕ್ಕೆ ಚಪ್ಪಾಳೆ ಹೊಡೆದಿದ್ದೆ.

ಕಾರಂಜಿ ಇನ್ನೂ ವಿಚಿತ್ರ. ಅದರ ನೆತ್ತಿಯ ಸಾಲಿನಲ್ಲಿರೋದು ಮೋಸೆ ಮತ್ತು ಏಳು ಪ್ರವಾದಿಗಳು. ಅದರ ಕೆಳಗಿನ ವೀರರ ಸಾಲಿನಲ್ಲಿ ಯೆಹೋಶುವ, ದಾವೀದ, ಯೂದ ಮಕ್ಕಬಿ. ಎಲ್ಲಾ ಯಹೂದಿ ಪುರಾಣದವರು. ಆ ಕೆಲಸ ಶುರುವಾಗಿದ್ದು 1385ರಲ್ಲಿ, ಅಂದ್ರೆ ಕೇರಿ ಸುಟ್ಟು 36 ವರ್ಷಕ್ಕೆ. ಅದೇ 1385ರಲ್ಲಿ ರಾಜ ವೆನ್ಸೆಸ್ಲಾಸ್ — ಇವನು ಕಾರ್ಲನ ಮಗ — ಮತ್ತು ನಗರಗಳು ಸೇರಿ ಯಹೂದಿಗಳ ಸಾಲಪತ್ರಗಳನ್ನ ಕಿತ್ತುಕೊಂಡವು, ಅದರಲ್ಲಿ ನ್ಯೂರೆಂಬರ್ಗೂ ಇತ್ತು. ಆ ದುಡ್ಡಿನಲ್ಲೇ ಕಾರಂಜಿ ಕಟ್ಟಿದರು ಅಂತ ನಾನು ಹೇಳ್ತಿಲ್ಲ, ತಾರೀಕು ಅಷ್ಟೇ ಹೇಳ್ತಿದೀನಿ. ಕಲ್ಲಿನ ಯಹೂದಿಗೆ ಪೇಟೆ ನಡುವೆ ಬಣ್ಣ ಬಳಿದು ಜಾಗ ಕೊಟ್ಟರು. ಜೀವ ಇರೋ ಯಹೂದಿಗಳಿಗೆ, ವಾಪಸ್ ಬಂದವರಿಗೆ, ಬೇರೆ ಮೂಲೆಯಲ್ಲಿ ಒಂದು ಬೀದಿ. 1498–99ರಲ್ಲಿ ಅಲ್ಲಿಂದಲೂ ಎಬ್ಬಿಸಿ ಊರು ಬಿಡಿಸಿದರು. ಆಮೇಲೆ 1850ರವರೆಗೆ ಒಬ್ಬ ಯಹೂದಿಗೂ ಆ ಊರಿನ ಪೌರತ್ವ ಸಿಗಲಿಲ್ಲ. ಮೂರೂವರೆ ಶತಮಾನ! ಅವರಲ್ಲಿ ಹಲವರು ನೆಲೆ ಕಂಡದ್ದು ಪಕ್ಕದ ಫ್ಯೂರ್ತ್‌ನಲ್ಲಿ. ವ್ಯಾಪಾರಕ್ಕೆ ನ್ಯೂರೆಂಬರ್ಗಿಗೆ ಬರಬೇಕಾದರೆ ಹಗಲಲ್ಲಿ ಬರಬೇಕು, ಸುಂಕ ಕಟ್ಟಬೇಕು, ಜೊತೆಗೆ ಕಾವಲು, ರಾತ್ರಿ ಉಳಿಯುವಂತಿಲ್ಲ. ನಮ್ಮ ಹುಡುಗ ಪಾಸು ತೋರಿಸಿ ದಿನಾ ಓಡಾಡೋ ದಾರಿ ಅದು.

ಚೌಕದಿಂದ ಐದು ನಿಮಿಷ ನಡೆದರೆ ಸೆಬಾಲ್ಡ್ ಚರ್ಚು. ಅದರ ಹಿಂಭಾಗ ಕಟ್ಟಿ ಮುಗಿಸಿದ್ದು 1379ರಲ್ಲಿ. ಹೊರಗೋಡೆಯಲ್ಲಿ ಎತ್ತರದಲ್ಲೊಂದು ಕಲ್ಲಿನ ಕೆತ್ತನೆ, ಯಹೂದಿಗಳು ಹಂದಿಯ ಕೆಚ್ಚಲಿಗೆ ಬಾಯಿ ಹಾಕಿರೋ ಹಾಗೆ. ಹಂದಿ ಮುಟ್ಟದ ಜನರನ್ನ ಅವಮಾನಿಸೋಕೆ ಅಂತಲೇ ಮಾಡಿದ್ದು. ಈಗಲೂ ಇದೆ. ಕತ್ತೆತ್ತಿ ಹುಡುಕಿದರೆ ಕಾಣುತ್ತೆ. ಒಂದು ಪ್ರಾಣಿಯನ್ನ ಇಟ್ಟುಕೊಂಡು ಮನುಷ್ಯರನ್ನ ಹೊಲಸು ಮಾಡೋ ವಿದ್ಯೆ ಎಲ್ಲೆಲ್ಲಿದೆ ನೋಡಿ. ಒಂದು ಕಡೆ ತಿನ್ನದೇ ಇದ್ದದ್ದಕ್ಕೆ, ಇನ್ನೊಂದು ಕಡೆ ತಿಂದದ್ದಕ್ಕೆ.

ಇಪ್ಪತ್ತನೇ ಶತಮಾನದ ಕಥೆ ನಿಮಗೆ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ. 1933ರಲ್ಲಿ ಈ ಚೌಕಕ್ಕೆ ಹಿಟ್ಲರನ ಹೆಸರಿಟ್ಟರು. ಮೇರಿಯಮ್ಮನ ಚರ್ಚಿನ ಎದುರು ಅವನು ಕಾರಿನಲ್ಲಿ ನಿಂತು ಪಡೆಗಳ ಸೆಲ್ಯೂಟ್ ತಗೊಂಡ. 1935ರ ಸೆಪ್ಟೆಂಬರ್ 15ರಂದು ಇದೇ ಊರಿನಲ್ಲಿ, ಪಕ್ಷದ ಸಮಾವೇಶದ ವೇಳೆ, ನ್ಯೂರೆಂಬರ್ಗ್ ಕಾನೂನುಗಳು ಬಂದವು. ಯಹೂದಿಗಳ ಪೌರತ್ವ ಹೋಯ್ತು, ಅವರು ಮತ್ತು ಉಳಿದ ಜರ್ಮನ್ನರು ಮದುವೆ ಆಗೋದು ಅಪರಾಧ ಆಯ್ತು. ಮದುವೆ ಬೇಲಿಯೇ ಜಾತಿಯ ಬೇರು ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಪ್ರಬಂಧ ಓದಿದ್ದರು, ನೆನಪಿಸ್ಕೊಳ್ಳಿ. 1938ರ ಆಗಸ್ಟ್‌ನಲ್ಲಿ ಊರಿನ ದೊಡ್ಡ ಯಹೂದಿ ಮಂದಿರವನ್ನ ಕೆಡವಿದರು. ದೇಶದ ಉಳಿದ ಕಡೆ ಮಂದಿರಗಳು ಸುಟ್ಟುಹೋದದ್ದು ನವೆಂಬರಿನಲ್ಲಿ, ಇವರು ಮೂರು ತಿಂಗಳು ಮುಂಚೆಯೇ ಮುಗಿಸಿದ್ದರು. ಕಾರಣ ಏನು ಕೊಟ್ಟರು ಗೊತ್ತಾ? ಹಳೇ ಊರಿನ ಅಂದಕ್ಕೆ ಹೊಂದಲ್ಲ. ಮತ್ತೆ ಅದೇ ನಗರ ಸೌಂದರ್ಯ, ಮತ್ತೆ ಅದೇ ಕಾಗದ. 1945ರ ಜನವರಿ 2ರ ಬಾಂಬಿಗೆ ಹಳೇ ಊರು ನೆಲಸಮ ಆಯ್ತು. ಈಗ ನಾವು ಹಳೇದು ಅಂತ ಫೋಟೊ ತೆಗೆಯೋದರಲ್ಲಿ ಬಹಳಷ್ಟು ಆಮೇಲೆ ಕಟ್ಟಿದ್ದು. ಅದೇ ವರ್ಷ ನವೆಂಬರ್ 20ಕ್ಕೆ ಅದೇ ಊರಿನ ಕೋರ್ಟಿನಲ್ಲಿ ನಾಜಿ ನಾಯಕರ ವಿಚಾರಣೆ ಶುರುವಾಯ್ತು. ಅವರನ್ನ ಹಿಡಿದು ಹಾಕಿದ್ದರಲ್ಲಿ ಅವರೇ ಬರೆದಿಟ್ಟ ಫೈಲುಗಳ ಪಾಲು ದೊಡ್ಡದು.

ಮೇರಿಯಮ್ಮನ ಚರ್ಚಿನೊಳಗೂ ಹೋದೆವು. ಬಲಿಪೀಠದ ಕಡೆ ನೆಲದಲ್ಲಿ ಆರು ಮೂಲೆಯ ನಕ್ಷತ್ರ ಕೂರಿಸಿದಾರೆ. ಇಲ್ಲಿ ಯಹೂದಿಗಳ ಮಂದಿರ ಇತ್ತು ಅನ್ನೋ ನೆನಪಿಗೆ. ನಾನು ಕಂಡ ಮಟ್ಟಿಗೆ ಬಹಳ ಜನ ಅದರ ಕಡೆ ನೋಡದೇ ಹೋಗ್ತಿದ್ರು. ಆದ್ರೂ ಇದೆಯಲ್ಲ. ತಮ್ಮದೇ ದೇವರ ಮನೆಯ ನೆಲದಲ್ಲಿ ತಮ್ಮ ಹಿರಿಯರ ತಪ್ಪನ್ನ ಬರೆದುಕೊಂಡಿದಾರೆ. ಅಳಿಯ ಮೆಲ್ಲಗೆ "ನಮ್ಮೂರಲ್ಲಿ ಇಂಥದ್ದೊಂದು ಕಲ್ಲು ಹಾಕಕ್ಕೆ ಬಿಡ್ತಾರಾ ಮಾವ?" ಅಂದ. ನಾನು ಮಾತಾಡಲಿಲ್ಲ.

ಒಂದು ವಿಷಯ ಸ್ಪಷ್ಟ ಮಾಡ್ತೀನಿ, ಇಲ್ಲಾಂದ್ರೆ ಕಮೆಂಟಿನಲ್ಲಿ ಜಗಳ ಶುರುವಾಗುತ್ತೆ. ಯಹೂದಿಗಳೂ ನಾವೂ ಒಂದೇ ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರು ತೀರಿಹೋದ ಮೇಲೆ ಅಚ್ಚಾದ ಅವರ ಒಂದು ಬರಹದ ಹೆಸರಿನಲ್ಲೇ 'ಘೆಟ್ಟೋ' ಅನ್ನೋ ಪದ ಇದೆ. ಹಿಂದೂಗಳು ಊರಲ್ಲಿ, ಅಸ್ಪೃಶ್ಯರು ಘೆಟ್ಟೋದಲ್ಲಿ ಅಂತ ಅವರು ಕೇರಿಯನ್ನ ವಿವರಿಸಿದರು. ಆದರೆ ಎರಡರ ನಡುವಿನ ಅಂತರವನ್ನೂ ಅವರು ಮರೆತವರಲ್ಲ. ನ್ಯೂರೆಂಬರ್ಗಿನ ಯಹೂದಿಯ ಕೈಯಲ್ಲಿ ಪುಸ್ತಕ ಇತ್ತು, ವ್ಯಾಪಾರ ಇತ್ತು. ನಮ್ಮವರ ಕೈಗೆ ಎರಡೂ ಸಿಗದ ಹಾಗೆ ಶಾಸ್ತ್ರವೇ ನೋಡಿಕೊಳ್ತು. ಆ ಪುಸ್ತಕದ ವಿಚಾರಕ್ಕೇ ಈಗ ಬರ್ತೀನಿ.

1296ರಲ್ಲಿ ಆ ಮಂದಿರ ಎದ್ದಾಗಲೇ ಅವರು ಒಂದು ನೆನಪಿನ ಪುಸ್ತಕ ಶುರು ಮಾಡಿದರು. ಮೆಮೊರ್‌ಬುಖ್ ಅಂತಾರೆ. ಕೊಲೆಯಾದವರ ಹೆಸರು ಬರೆದಿಡೋದು, ಮಂದಿರದಲ್ಲಿ ಎಲ್ಲರ ಮುಂದೆ ಓದೋದು. 1298ರಲ್ಲಿ ಸತ್ತವರ ಹೆಸರುಗಳು ಅದರಲ್ಲಿವೆ, ಮನೆಮನೆ ಲೆಕ್ಕದಲ್ಲಿ. ಮಂದಿರ ಸುಟ್ಟುಹೋಯ್ತು, ಕೇರಿ ಹೋಯ್ತು, ಪುಸ್ತಕ ಉಳೀತು. 1898ರಲ್ಲಿ ಅಚ್ಚೂ ಆಯ್ತು. ರಾಜನ ಕಾಗದ ಒಂದು ಕಡೆ, ಕೇರಿಯವರ ಕಾಗದ ಒಂದು ಕಡೆ, ಎರಡೂ ಇರೋದರಿಂದ ತಾನೇ ಏಳು ಶತಮಾನದ ಆಚೆಯದನ್ನ ನಾನು ಇಲ್ಲಿ ಕೂತು ಬರೀತಿರೋದು.

ಈಗ ಬರೆಯೋಕೆ ಕಷ್ಟ ಆಗೋ ಭಾಗ.

ಆ ನವೆಂಬರ್ 16ರ ಪತ್ರವನ್ನ ಕಾರ್ಲ್ ತನ್ನ ಕೈಯಾರೆ ಬರೆದಿರಲ್ಲ. ಯಾರೋ ಒಬ್ಬ ಗುಮಾಸ್ತ ಬರೆದಿರ್ತಾನೆ. ಒಳ್ಳೇ ಅಕ್ಷರದ, ಸಂಸಾರಸ್ಥ, ಸಂಜೆ ಮನೆಗೆ ಬೇಗ ಹೋಗಬೇಕಾದ ಒಬ್ಬ. ಆ ಚರ್ಚಿನ ಬೆಂಚಿನ ಮೇಲೆ ಕೂತಾಗ ನನ್ನ ತಲೆ ಪೂರಾ ಅವನೇ ಇದ್ದ. ಯಾಕಂದ್ರೆ ನಾನೂ ಅಂಥದ್ದೊಂದು ಬರೆದಿದೀನಿ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಊರಿನ ಹೆಸರು, ಕಚೇರಿ ಹೆಸರು ಬೇಡ. ಪೌರಕಾರ್ಮಿಕರ ಗುಡಿಸಲುಗಳಿದ್ದ ಜಾಗ, ಹಳ್ಳದ ದಡ, ಸಂತೆ ಮೈದಾನಕ್ಕೆ ಬೇಕು ಅಂತ ಆಯ್ತು. ನಾನು ಆಗ ಹೊಸಬ, ಹುದ್ದೆ ಕಾಯಂ ಆಗಿರಲಿಲ್ಲ. ಮೇಲಿನವರು ಹೇಳಿದ ಹಾಗೆ ಕಚೇರಿ ಟಿಪ್ಪಣಿ ಮಂಡಿಸಿದೆ. 'ಸಾರ್ವಜನಿಕ ಹಿತದೃಷ್ಟಿಯಿಂದ', 'ಅನಧಿಕೃತ', 'ನೈರ್ಮಲ್ಯ', ಪದಗಳೆಲ್ಲಾ ನನ್ನವೇ. ಕೊನೆಗೆ ನನ್ನ ಚಿಕ್ಕ ಸಹಿ. ಒಂದು ವಾರಕ್ಕೆ ಜೆಸಿಬಿ ಬಂತು. ಯಾರೂ ಸಾಯಲಿಲ್ಲ, ಬೆಂಕಿ ಬೀಳಲಿಲ್ಲ, ನ್ಯೂರೆಂಬರ್ಗಿಗೂ ಇದಕ್ಕೂ ಹೋಲಿಕೆ ಮಾಡಿದರೆ ಸತ್ತವರಿಗೆ ಅವಮಾನ. ಆದ್ರೆ ಅಲ್ಲಿದ್ದವರು ನಮ್ಮವರೇ. ನಮ್ಮ ಚಿಕ್ಕಮ್ಮನ ಕಡೆಯ ಎರಡು ಮನೆ ಅದರಲ್ಲಿತ್ತು. ಅವತ್ತು ರಜೆ ಹಾಕಿ ಮನೇಲಿ ಕೂತಿದ್ದೆ. ನಾನು ಸಂಘಟನೆಗೆ ಬಂದದ್ದು ಅದಾದ ಮಾರನೇ ವರ್ಷ. ಯಾಕೆ ಬಂದೆ ಅಂತ ವೇದಿಕೆಗಳಲ್ಲಿ ಕೇಳಿದಾಗ ಬೇರೆ ಕಥೆ ಹೇಳ್ತಾ ಬಂದಿದೀನಿ, ಕ್ಷಮಿಸಿ.

ಊರಿಗೆ ಬಂದವನು ಜನವರಿಯಲ್ಲಿ ಆ ಕಚೇರಿಯ ದಾಖಲೆ ಕೋಣೆಗೆ ಹೋದೆ. ಹಳೇ ಗೆಳೆಯರಿದಾರೆ, ಮಾಹಿತಿ ಹಕ್ಕಿನ ಅರ್ಜಿಯನ್ನೂ ಕೊಟ್ಟೆ. ಫೈಲು ಸಿಕ್ತು, ಗೆದ್ದಲು ಹಿಡಿದಿರಲಿಲ್ಲ. ಮೊದಲು ನೋಡಿದ್ದು ತಾರೀಕುಗಳನ್ನ. ಸಂತೆ ಮೈದಾನದ ನಕ್ಷೆಗೆ ಅನುಮೋದನೆ ಆಗಿರೋದು ಮಾರ್ಚಿನಲ್ಲಿ. ಗುಡಿಸಲುಗಳಿಂದ ಗಲೀಜಾಗ್ತಿದೆ ಅಂತ ಸಾರ್ವಜನಿಕರ ದೂರು ಬಂದಿರೋದು ಮೇ ತಿಂಗಳಲ್ಲಿ. ಆವಕ ವಹಿಯಲ್ಲಿ ನಂಬರಿದೆ, ನಾನೇ ಹಾಕಿದ ನಂಬರು. ಆವತ್ತು ಎರಡೂ ಕಾಗದ ನನ್ನ ಮೇಜಿನ ಮೇಲೇ ಹಾದುಹೋಗಿದ್ವು, ತಾರೀಕು ನೋಡಿರಲಿಲ್ಲ. ಅಥವಾ ನೋಡಿದ್ದೆನೋ.

ಫೈಲಿನಲ್ಲಿ 'ಗುಡಿಸಲುಗಳು – 23' ಅಂತಿದೆ. ಒಂದು ಹೆಸರೂ ಇಲ್ಲ. ಟಿಪ್ಪಣಿ ಬರೆದವನು ನಾನೇ ಆದ್ದರಿಂದ ಹೆಸರು ಬಿಟ್ಟವನೂ ನಾನೇ.

ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡಿದೀನಿ. ಭಾನುವಾರ ಭಾನುವಾರ ಆ ಜನ ಚದುರಿ ಹೋಗಿರೋ ಕಡೆಗಳಿಗೆ ಹೋಗ್ತಿದೀನಿ. ಮೊದಲ ಮನೆಯಲ್ಲೇ ಚಿಕ್ಕಮ್ಮ "ಈಗ ಬಂದ್ಯೇನಪ್ಪ" ಅಂದಳು, ಆಮೇಲೆ ಕೂರಿಸಿ ಒಂದೊಂದೇ ಮನೆ ಹೇಳಿದಳು, ಯಾವ ಗುಡಿಸಲ ಪಕ್ಕ ಯಾವುದಿತ್ತು, ಹುಣಸೆಮರ ಯಾರ ಬಾಗಿಲಲ್ಲಿತ್ತು, ಯಾರ ಮಗು ಆ ವಾರ ಹುಟ್ಟಿತ್ತು. ಈವರೆಗೆ 14 ಮನೆಯವರ ಹೆಸರು, ಮಕ್ಕಳು ಮುದುಕರ ಸಮೇತ, ಬರೆದುಕೊಂಡಿದೀನಿ. ಅವರ ಒಪ್ಪಿಗೆ ಇಲ್ಲದೆ ಇಲ್ಲಿ ಹಾಕಲ್ಲ. ಇನ್ನು 9 ಮನೆ ಸಿಕ್ಕಿಲ್ಲ. ಇಬ್ಬರು ಬೆಂಗಳೂರು ಸೇರಿದಾರೆ ಅಂತ ಸುದ್ದಿ. ನಮ್ಮ ಕಡೆಯ ಗೆಳೆಯರಿಗೆ ಯಾವ ಜಾಗದ ಮಾತು ಅಂತ ಗೊತ್ತಾಗಿರುತ್ತೆ. ಸುಳಿವಿದ್ದರೆ ಕಮೆಂಟಿನಲ್ಲಿ ಬೇಡ, ಇನ್‌ಬಾಕ್ಸಿಗೆ ಹಾಕಿ. ಹಳ್ಳದ ಕಡೆಯ ಸಾಲಿನ ಕೊನೇ ಮನೆಯಲ್ಲಿ ತಮಟೆ ಬಡೀತಿದ್ದ ಒಬ್ಬ ಅಜ್ಜ ಇದ್ದರು, ಎಡಗಣ್ಣು ಕಾಣ್ತಿರಲಿಲ್ಲ. ಅವರ ಹೆಸರು ಚಿಕ್ಕಮ್ಮನಿಗೂ ನೆನಪಾಗ್ತಿಲ್ಲ. ಎಲ್ಲರೂ 'ತಮಟೆ ತಾತ' ಅಂತಲೇ ಕರೀತಿದ್ರಂತೆ. ಯಾರಿಗಾದರೂ ಗೊತ್ತಿದ್ರೆ ಮೊದಲು ಅದನ್ನ ತಿಳಿಸಿ.